ಹೆಸರಿಡುವ ಮೊದಲೇ ಚೆಲ್ಲಿದ ಹುಳು

ಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಬೇಸಿಗೆ ರಜೆ ಬಂದರೆ ಉತ್ತರ ಕನ್ನಡದಲ್ಲಿ ಹೊಳೆ ಸಮುದ್ರ ಸೇರುವ ಒಂದು ಅಳಿವೆಗೆ ಹೋಗಿ, ಕೆಸರಿನಲ್ಲಿ ಬದುಕುವ ಸಮುದ್ರದ ಹುಳುಗಳನ್ನು ಹುಡುಕುವುದು ನನ್ನ ಹುಚ್ಚು. ಅಲ್ಲಿ ಚಿಪ್ಪು ಆಯುವ ಹೆಂಗಸೊಬ್ಬರು ಒಂದು ಬೆಳಿಗ್ಗೆ, ನೀರು ಇಳಿದಾಗ, ಬೆರಳುದ್ದದ ಹುಳುವೊಂದನ್ನು ಅಂಗೈಯಲ್ಲಿಟ್ಟು ತಂದರು. ಇಷ್ಟು ವರ್ಷದಲ್ಲಿ ಇಂಥದ್ದನ್ನು ಕಂಡಿಲ್ಲ ಎಂದರು. ನಾನೂ ಕಂಡಿರಲಿಲ್ಲ. ಇಬ್ಬರೂ ಅಗೆದು ಇನ್ನೂ ಮೂರನ್ನು ಹಿಡಿದೆವು.

ಕಾಲೇಜಿನ ಪ್ರಯೋಗಾಲಯದಲ್ಲಿ, ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಕೆಡದಂತೆ ಇಟ್ಟ ಆ ನಾಲ್ಕು ಹುಳುಗಳ ಜೊತೆ ಎರಡು ವರ್ಷ ಕಳೆದೆ. ಪಾಠ ಮುಗಿದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಬಿರುಗೂದಲನ್ನೂ ನೋಡಿ ಚಿತ್ರ ಬರೆದೆ. ಗೊತ್ತಿರುವ ಜಾತಿಗಳ ವಿವರಣೆಗಳನ್ನೆಲ್ಲ ತರಿಸಿ ಹೋಲಿಸಿದೆ. ಯಾವುದಕ್ಕೂ ಹೊಂದಲಿಲ್ಲ, ದವಡೆಯ ಹಲ್ಲುಗಳ ಸಾಲೇ ಬೇರೆ. ಹೊಸದೆಂದು ಖಾತ್ರಿಯಾದ ದಿನ ಯಡಿಯೂರಿನ ನನ್ನ ಮನೆಯವರೆಗೆ ಖುಷಿಯಲ್ಲಿ ನಡೆದೇ ಹೋದೆ. ಆ ಹೆಂಗಸಿಗೆ ಫೋನ್ ಮಾಡಿ, ಹುಳುವಿಗೆ ನಿಮ್ಮ ಹೆಸರನ್ನೇ ಇಡುತ್ತೇನೆ ಎಂದೆ. ಅವರು ಬಹಳ ಹೊತ್ತು ನಕ್ಕರು.

ಹೊಸ ಜಾತಿಗೆ ಹೆಸರು ಸಲ್ಲಬೇಕಾದರೆ, ಮುಂದೆ ಯಾರು ಬೇಕಾದರೂ ಪರೀಕ್ಷಿಸುವಂತೆ ಒಂದು ಮಾದರಿಯನ್ನು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಕೊನೆಯ ಚಿತ್ರ ಬಾಕಿಯಿದೆಯೆಂದು ನಾನು ತಡ ಮಾಡಿದೆ. ದಸರಾ ರಜೆ ಮುಗಿಸಿ ಬಂದಾಗ ಪ್ರಯೋಗಾಲಯದ ಕಪಾಟುಗಳೇ ಇರಲಿಲ್ಲ. ಸೆಮಿನಾರ್ ಹಾಲ್ ಮಾಡಲು ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. ನನ್ನ ಸ್ಪಿರಿಟ್ ಬಾಟಲಿಗಳು ಆಫೀಸಿನ ಕಿಟಕಿಯಲ್ಲಿದ್ದವು, ಒಳಗೆ ನೀರು, ಮನಿಪ್ಲಾಂಟ್. ಒಂದರ ಒಳಬದಿಗೆ ನಾನು ಪೆನ್ಸಿಲಿನಲ್ಲಿ ಬರೆದ ಚೀಟಿ ಇನ್ನೂ ಅಂಟಿಕೊಂಡಿತ್ತು. ನಾಲ್ಕೂ ಹುಳುಗಳಿದ್ದ ಬಾಟಲಿ ಅದೇ.

ಪ್ರಿನ್ಸಿಪಾಲರ ಕೋಣೆಗೆ ಹೋದೆ. ಕೂರಲು ಹೇಳಿದರು, ಕೂರಲಿಲ್ಲ.

"ವಾಸನೆ ಬರ್ತಿತ್ತು ಮೇಡಂ. ಮ್ಯಾನೇಜ್‌ಮೆಂಟ್‌ನವ್ರು ಬಂದಾಗ ಬೈದ್ರು, ಸಿಂಕಿಗೆ ಚೆಲ್ಲಿಸ್ಬಿಟ್ಟೆ. ಹುಳ ತಾನೆ, ಮುಂದಿನ ಸಲ ಹೋದಾಗ ಇನ್ನೊಂದು ತನ್ನಿ," ಎಂದರು.

"ಸಾರ್, ಅದಕ್ಕೆ ಪ್ರಪಂಚದಲ್ಲಿ ಇನ್ನೂ ಹೆಸರೇ ಇರ್ಲಿಲ್ಲ. ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ?"

ಅವರು ಮೊಬೈಲ್ ನೋಡತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಕಿಟಕಿಯಿಂದ ಆ ಬಾಟಲಿ ತಂದು, ಬಳ್ಳಿಯನ್ನು ಎಳೆದು ಅವರ ಫೈಲುಗಳ ಮೇಲೆ ಹಾಕಿದೆ. ನೀರು ಮೇಜಿನಿಂದ ಅವರ ಪ್ಯಾಂಟಿಗೆ ಇಳಿಯಿತು. ಬಾಟಲಿಯನ್ನು ಬ್ಯಾಗಿಗಿಟ್ಟುಕೊಂಡು ಹೊರಬಂದೆ. ತಿಂಗಳೊಳಗೆ ಕೆಲಸವನ್ನೂ ಬಿಟ್ಟೆ.

ನಾನು ಲೇಖನ ಕಳಿಸಿದ ವಿಜ್ಞಾನ ಪತ್ರಿಕೆಯ ಸಂಪಾದಕರು, ಚಿತ್ರಗಳು ಚೆನ್ನಾಗಿವೆ, ಆದರೆ ಮಾದರಿಯಿಲ್ಲದೆ ಸ್ವೀಕರಿಸಲಾಗದು ಎಂದು ಬರೆದರು. ಬೇಸಿಗೆಯಲ್ಲಿ ಮತ್ತೆ ಅಳಿವೆಗೆ ಹೋದೆ. ಹುಳು ಸಿಕ್ಕಿದ್ದ ದಂಡೆಗೆ ಕಲ್ಲು ಸುರಿದು ದೋಣಿ ನಿಲ್ಲಿಸುವ ಜೆಟ್ಟಿ ಕಟ್ಟುತ್ತಿದ್ದರು. ನಾನೂ ಆ ಹೆಂಗಸೂ ಐದು ದಿನ ಸುತ್ತಮುತ್ತ ಅಗೆದೆವು. ಒಂದೂ ಸಿಗಲಿಲ್ಲ. ಯಾರೋ ತಿಳಿಯದೆ ಚೆಲ್ಲಿದರು ಎಂದು ಹೇಳಿದಾಗ ಅವರು ನನ್ನನ್ನೇ ನೋಡಿದರು.

"ನೀವು ಎಂತಕ್ಕೆ ಅದನ್ನ ಅಲ್ಲಿ ಬಿಟ್ಟು ಬಂದದ್ದು?" ಎಂದರು.

ಅವರ ಮೇಲೂ ಸಿಟ್ಟು ಬಂತು. ಕೇಳಿದ್ದು ಸರಿಯಾಗಿಯೇ ಇದ್ದುದರಿಂದ ಇನ್ನಷ್ಟು ಬಂತು.

ಈಗ ಮನೆಯಲ್ಲೇ ಕೆಲಸ ಮಾಡುತ್ತೇನೆ. ಏನೇ ಸಿಕ್ಕರೂ ಚಿತ್ರಕ್ಕೆ ಮೊದಲು ಒಂದನ್ನು ಸಂಗ್ರಹಾಲಯಕ್ಕೆ ತಲುಪಿಸುತ್ತೇನೆ. ಹೋದ ತಿಂಗಳು ಬನಶಂಕರಿಯ ತರಕಾರಿ ಅಂಗಡಿಯಲ್ಲಿ ಆ ಪ್ರಿನ್ಸಿಪಾಲರು ಎದುರಾಗಿ, ಏನೂ ಆಗಿಲ್ಲವೆಂಬಂತೆ ನಮಸ್ಕಾರ ಮಾಡಿದರು. ನಾನು ಮಾಡಲಿಲ್ಲ.