ಸತೀಶರಿಗೆ ನಾನು ವಹಿಸಿದ ಇಸ್ರೇಲ್–ಪ್ಯಾಲೆಸ್ಟೈನ್ ಪಾಠ

2023ರಲ್ಲಿ ಗಾಜಾ ಯುದ್ಧ ಶುರುವಾದಾಗ ನಾನು ತೀರ್ಥಹಳ್ಳಿಯ ಖಾಸಗಿ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಇಸ್ರೇಲ್–ಪ್ಯಾಲೆಸ್ಟೈನ್ ಸಂಘರ್ಷವನ್ನು ವಿದ್ವಾಂಸರು ಹೇಗೆಲ್ಲ ಅರ್ಥೈಸುತ್ತಾರೆ ಎಂಬುದು ಆ ವಾರದ ಪಾಠ. ಒಂದೇ ನೆಲದ ಮೇಲೆ ಎರಡು ಜನಾಂಗಗಳ ಹಕ್ಕು ಎನ್ನುವವರಿದ್ದಾರೆ. ಯುರೋಪಿನ ನರಮೇಧದಿಂದ ಉಳಿದು ಬಂದ ಯಹೂದಿಗಳ ಸುರಕ್ಷತೆಯ ಪ್ರಶ್ನೆ ಎನ್ನುವವರಿದ್ದಾರೆ. ಅಲ್ಲಿ ಮೊದಲೇ ಇದ್ದವರನ್ನು ಒಕ್ಕಲೆಬ್ಬಿಸಿದ ವಸಾಹತುಶಾಹಿ ಎನ್ನುವವರೂ ಇದ್ದಾರೆ. ಮೂರನ್ನೂ ಹೇಳಿ, ಪ್ರತಿಯೊಂದರ ಕಣ್ಣಿಗೆ ಬೀಳದೆ ಉಳಿಯುವುದೇನು ಎಂದು ಮಕ್ಕಳನ್ನು ಕೇಳಿದ್ದೆ.

ಮೂರನೆಯದನ್ನು ಮಾತ್ರ ಉಳಿಸಿ ಕತ್ತರಿಸಿದ ವಿಡಿಯೊ ಸಂಜೆಯೊಳಗೆ ಊರಿನ ವಾಟ್ಸಾಪ್ ಗುಂಪುಗಳಲ್ಲಿತ್ತು. ಕಿಟಕಿಯಾಚೆ ನಿಂತು ತೆಗೆದವರು ಇತಿಹಾಸದ ಉಪನ್ಯಾಸಕ ಸತೀಶ್. ಹನ್ನೊಂದು ವರ್ಷ ನನ್ನೆದುರು ಕೂತು ಬುತ್ತಿ ಬಿಚ್ಚಿದವರು. ಉಪಪ್ರಾಂಶುಪಾಲರ ಹುದ್ದೆಗೆ ಆಗ ಸ್ಪರ್ಧೆಯಲ್ಲಿ ಇದ್ದವರು ನಾವಿಬ್ಬರೇ. ಆಡಳಿತ ಮಂಡಳಿಯ ಮುಂದೆ ಅವರು ಮುಚ್ಚಿಡಲೂ ಇಲ್ಲ.

"ನಾನೇ ತೆಗ್ದಿದ್ದು. ಅವ್ರು ಹೇಳಿದ್ದು ಹೌದೋ ಅಲ್ವೋ ಕೇಳಿ."

ನನ್ನನ್ನು ಅದೇ ಸಂಸ್ಥೆಯ ಹೊಸನಗರದ ಕಾಲೇಜಿಗೆ ಕಳಿಸಿದರು. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಈ ಮನುಷ್ಯನನ್ನು ಹೇಗೆ ಬಗ್ಗಿಸಲಿ ಎಂಬುದೊಂದೇ ಯೋಚನೆ.

ಎರಡು ವರ್ಷಕ್ಕೆ ಹಿರಿತನದ ಮೇಲೆ ಅಲ್ಲಿಯ ಪ್ರಾಂಶುಪಾಲರ ಕುರ್ಚಿ ನನಗೆ ಬಂತು. ತೀರ್ಥಹಳ್ಳಿಯಲ್ಲಿ ಇತಿಹಾಸಕ್ಕೆ ವಿದ್ಯಾರ್ಥಿಗಳು ಸಾಲದೆ ಸತೀಶ್ ನನ್ನ ಕೈಕೆಳಗೇ ಬಂದರು. ಟೈಮ್‌ಟೇಬಲ್ ಹಾಕುವಾಗ ಆ ಪಾಠವನ್ನೇ ಹುಡುಕಿ ಅವರಿಗೆ ಕೊಟ್ಟೆ. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂತು ಫೋನನ್ನು ಅವರತ್ತ ತಿರುಗಿಸಿ ನಿಲ್ಲಿಸಿದೆ.

"ಮೇಡಂ, ಅದನ್ನ ಒಳಗಿಡ್ತೀರಾ?"

"ಆಫ್ ಆಗಿದೆ ಸರ್. ನೀವು ಶುರು ಮಾಡಿ."

ಆಫ್ ಆಗಿದ್ದು ನಿಜ. ಅವರು ನಂಬಲಿಲ್ಲ. ನಂಬಬಾರದೆಂದೇ ನಾನು ಇಟ್ಟದ್ದು. ಪುಸ್ತಕ ತೆರೆದು ಇಸವಿಗಳನ್ನು ಓದತೊಡಗಿದರು. ಕರ್ಚೀಫು ಮತ್ತೆ ಮತ್ತೆ ಕುತ್ತಿಗೆಗೆ ಹೋಗುತ್ತಿತ್ತು. ನನಗೆ ಹೊಟ್ಟೆ ತುಂಬಿದಂತಾಯಿತು.

ಆಗ ಸುಚಿತ್ರಾ ಎಂಬ ಹುಡುಗಿ ಎದ್ದು ನಿಂತಳು. "ಸರ್, ಇಬ್ರೂ ನಮ್ದೇ ಜಾಗ ಅಂತಾರಲ್ಲ, ಹಾಗೆ ನಂಬೋಕೆ ಅವ್ರವ್ರಿಗೆ ಏನು ಕಾರಣ?"

ಸತೀಶ್ ನನ್ನ ಫೋನು ನೋಡಿದರು. "ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೋ."

ಮೂರು ದಿನ ಹೀಗೇ ಕೂತೆ. ಪಾಠ ಮುಗಿದ ಮೇಲೆ ಸುಚಿತ್ರಾಳನ್ನು ಕರೆದು ಅರ್ಥವಾಯಿತೇ ಎಂದೆ.

"ಇಸ್ವಿ ಎಲ್ಲ ಬರ್ಕೊಂಡಿದೀನಿ ಮೇಡಂ. ಬೇರೆ ಎಂತದೂ ಕೇಳ್ಬಾರ್ದು ಅಂತ ಗೊತ್ತಾಯ್ತು."

ಮರುದಿನ ನಾನೇ ಹೋಗಿ ಪಾಠವನ್ನು ಮೊದಲಿನಿಂದ ಮಾಡಿದೆ. ಏನಾದರೂ ಕೇಳುವುದಿದೆಯೇ ಎಂದಾಗ ಯಾರೂ ಬಾಯಿ ತೆರೆಯಲಿಲ್ಲ. ಸುಚಿತ್ರಾ ತಲೆ ತಗ್ಗಿಸಿ ಪೆನ್ನಿನ ಕ್ಯಾಪು ತಿರುಗಿಸುತ್ತಿದ್ದಳು.

ಸತೀಶರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಮೇಷ್ಟರು ಹೆದರುವುದನ್ನು ಮಕ್ಕಳಿಗೆ ತೋರಿಸಬಾರದಿತ್ತು. ಇಷ್ಟು ವರ್ಷ ಪಾಠ ಮಾಡಿದವಳಿಗೆ ಅದು ತಿಳಿಯಲು ಆ ಹುಡುಗಿ ಸುಮ್ಮನಾಗಬೇಕಾಯಿತು.