ನಮ್ಮ ಮನ್ಯಾಗ ಅಂಥಾವರು ಯಾರೂ ಇಲ್ರಿ

ಡಾಕ್ಟರು ಕೇಳಿದ್ದು ಅಕ್ಕನನ್ನು, ಉತ್ತರ ಕೊಟ್ಟವನು ನಾನು. ಕೆಲಸ ಕೆಟ್ಟದ್ದು ಅಲ್ಲೇ.

"ನಿಮ್ಮ ಮನೆತನದಾಗ ಯಾರಿಗರೆ ಮಾನಸಿಕ ತ್ರಾಸು ಇತ್ತೇನ್ರಿ? ತಾಯಿ ಕಡೆ, ತಂದಿ ಕಡೆ, ಹಿಂದಿನ ಹಿರ್ಯಾರಿಗೆ?" ಎಂದು ಡಾಕ್ಟರಬಾಯಿ ಕೇಳಿದ್ದರು. ಅಕ್ಕ ಸೆರಗಿನ ತುದಿ ಹಿಡಿದುಕೊಂಡು ಯೋಚಿಸತೊಡಗಿದಳು. ಅವಳು ಯೋಚಿಸಿ ಮುಗಿಸುವ ತನಕ ಕಾಯುವ ಜನ್ಮ ನನ್ನದಲ್ಲ.

"ಇಲ್ರಿ ಬಾಯಾರ, ನಮ್ಮ ಮನ್ಯಾಗ ಅಂಥಾವರು ಯಾರೂ ಇಲ್ರಿ" ಎಂದು ಎದೆ ತಟ್ಟಿಕೊಂಡೆ. "ಎಲ್ಲಾರೂ ಎಮ್ಮಿ ಇದ್ದಂಗ, ತಣ್ಣಗ. ಮತ್ತ ತಲಿ ಕೆಡಬೇಕಂದ್ರ ಮದಲ ತಲಿ ಇರಬೇಕಲ್ರಿ."

ಡಾಕ್ಟರಬಾಯಿ ನಕ್ಕರು. ನನಗೆ ಅಷ್ಟೇ ಸಾಕು. ಎದುರಿಗಿದ್ದವರು ನಕ್ಕರೆಂದರೆ ನಾನು ಮೈಮೇಲಿನ ಅಂಗಿ ಬಿಚ್ಚಿಕೊಟ್ಟು ಬನಿಯನ್ನಿನಲ್ಲಿ ಮನೆಗೆ ಹೋಗುವ ಪೈಕಿ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇ ಮನೆಯವರ ಮೊದಲ ತಪ್ಪು. ಭಾವನಿಗೆ ಮಗ್ಗ ಬಿಟ್ಟು ಬರಲು ಆಗುವುದಿಲ್ಲ, ಅಕ್ಕನಿಗೆ ದೊಡ್ಡ ಡಾಕ್ಟರ ಎದುರು ಮಾತು ಬರುವುದಿಲ್ಲ. ಉಳಿದವನು ನಾನು. ಡಿಪ್ಲೊಮಾ ಪರೀಕ್ಷೆಯನ್ನು ಹಲವು ಸಲ ಬರೆದವನು. ಒಂದೇ ಸಲಕ್ಕೆ ಪಾಸಾದವರಿಗಿಂತ ನನಗೆ ಅನುಭವ ಹೆಚ್ಚು ಎಂದು ಮನೆಯಲ್ಲಿ ನಂಬಿಸಿದ್ದೆ. ಆಗ ಬೆಳಗಾವಿ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಲ್ಲುತ್ತಿದ್ದೆ. ಹೊಸ ಶತಮಾನ ಬಂತು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ನಮ್ಮ ಕಾರ್ಖಾನೆಗೆ ಅದು ಇನ್ನೂ ಮುಟ್ಟಿರಲಿಲ್ಲ.

ಉಳಿದುಕೊಂಡಿದ್ದು ಊರೊಳಗಿನ ಖಾಸಬಾಗದಲ್ಲಿ, ನೇಕಾರರ ಓಣಿಯ ಅಕ್ಕನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಭಾವನ ಪಾವರ್‌ಲೂಮು. ಹಿಂದಿನ ಕೋಣೆಯಲ್ಲಿ ನಾವೆಲ್ಲ. ಆ ಓಣಿಯಲ್ಲಿ ಮಗ್ಗದ ಸಪ್ಪಳವೇ ಜೋಗುಳ. ಕರೆಂಟು ಹೋಗಿ ಮಗ್ಗ ನಿಂತರೆ ಓಣಿಗೆ ಓಣಿಯೇ ಎಚ್ಚರಾಗಿ "ಏನಾತು?" ಎಂದು ಎದ್ದು ಕೂರುತ್ತಿತ್ತು.

ಅಂಥ ಸಪ್ಪಳವನ್ನೂ ಮೀರಿಸುವವಳು ಅಕ್ಕನ ಮಗಳು. ಸಾಲಿಯಲ್ಲಿ ಎರಡನೇ ಇಯತ್ತೆ. ಅವಳು ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಊಟದ ತಾಟಿನಿಂದ ಎದ್ದು ಕಿಟಕಿ ಹತ್ತುವಳು, ಕಿಟಕಿಯಿಂದ ನನ್ನ ಹೆಗಲಿಗೆ ಇಳಿಯುವಳು. ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆ. ಸಾಲಿಯಲ್ಲಿ ಬಾಜೂಕಿನ ಹುಡುಗಿಯ ಜಡೆ ಕತ್ತರಿಸಲು ಹೋದ ದಿನ ಪಾಠ ಕಲಿಸುವ ಅಕ್ಕೋರು ನಮ್ಮ ಅಕ್ಕನನ್ನು ಕರೆಸಿ, "ಡಾಕ್ಟರಿಗೆ ತೋರಸ್ರಿ. ಇಲ್ಲಾಂದ್ರ ಬ್ಯಾರೆ ಸಾಲಿ ನೋಡಕೋರಿ" ಎಂದರು. ಅಕ್ಕ ಮನೆಗೆ ಬಂದು ಅಳಲಿಲ್ಲ. ಅಳಲು ಕೂರಬೇಕಲ್ಲ, ಕೂರಲು ಮಗಳು ಬಿಡಬೇಕಲ್ಲ.

ಡಾಕ್ಟರಬಾಯಿ ಹುಡುಗಿಯನ್ನು ಬಹಳ ಹೊತ್ತು ನೋಡಿದರು, ಆಟ ಆಡಿಸಿದರು, ಕಡೆಗೆ ಒಂದು ಗುಳಿಗೆ ಬರೆದರು. "ಇದು ಚುರುಕು ಮಾಡೂ ಔಷಧ. ಆದ್ರ ಇಂಥಾ ಹುಡುಗ್ರಿಗೆ ಇದರಿಂದ ಮನಸ್ಸು ಒಂದು ಕಡೆ ನಿಲ್ಲತೈತಿ. ಮುಂಜಾನೆ ನಾಷ್ಟಾ ಆದ ಮ್ಯಾಲೆ ಕೊಡ್ರಿ. ನಿದ್ದಿ, ಊಟದ ಮ್ಯಾಲೆ ಲಕ್ಷ್ಯ ಇರಲಿ. ಏನರೆ ಬ್ಯಾರೆ ಕಂಡ್ರ ತಡಾ ಮಾಡಬ್ಯಾಡ್ರಿ."

"ಅಂದ್ರ ಬೆಂಕಿ ಆರಸಾಕ ಚಿಮಣಿ ಎಣ್ಣಿ ಅನ್ರಿ" ಎಂದೆ. ಈ ಸಲ ಅವರು ನಗಲಿಲ್ಲ.

ಆದರೆ ಗುಳಿಗೆ ಹತ್ತಿತು. ಖರೇ ಹೇಳುತ್ತೇನೆ, ಕೆಲವೇ ದಿನಗಳಲ್ಲಿ ಹುಡುಗಿ ಪಾಟಿಯ ಮುಂದೆ ಕೂತು ಲೆಕ್ಕ ಮಾಡಿದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಳ್ಳಿಯ ಹಾಗೆ ಇಣುಕಿ ನೋಡಿದಳು. ನಾನಂತೂ ಮಚ್ಛೆಯಲ್ಲಿ ಇಡೀ ಪಾಳಿಗೆ ಕುಂದಾ ಹಂಚಿದೆ. ಯಾಕೆ ಎಂದು ಫೋರಮನ್ ಕೇಳಿದರೆ, "ನಮ್ಮ ಹುಡುಗಿ ಕುಂತಾಳ್ರಿ" ಎಂದೆ. ಅವರು ಯಾವುದೋ ಸರಕಾರಿ ಕುರ್ಚಿಯ ಮೇಲೆ ಎಂದು ತಿಳಿದು ಅಭಿನಂದನೆ ಹೇಳಿದರು.

ಆಮೇಲೆ ನಿದ್ದೆ ಹೋಯಿತು. ಮೊದಲು ಸ್ವಲ್ಪ, ಆಮೇಲೆ ಪೂರ್ತಿ. ಕರೆಂಟು ಹೋಗಿ ನಾವು ಎಚ್ಚರಾದಾಗ ಅವಳು ಆಗಲೇ ಎದ್ದು ಗೋಡೆಗೆ ಪಾಠ ಹೇಳುತ್ತಿದ್ದಳು. ಮಾತು ಮಾತಿಗೆ ಕೊಂಡಿ ಹಾಕಿಕೊಂಡು ರೈಲಿನ ಡಬ್ಬಿಗಳ ಹಾಗೆ ಹೋಗುತ್ತಿತ್ತು. "ಶ್ಯಾಣ್ಯಾ ಆಗ್ಯಾಳ ಬಿಡ, ಅಭ್ಯಾಸ ಮಾಡತಾಳ" ಎಂದು ನಾನು ಮಗ್ಗುಲು ಹೊರಳಿದೆ. ಜಾಣತನಕ್ಕೂ ನನಗೂ ಇರುವ ದೂರ ಅಷ್ಟು.

ಒಂದು ದಿನ ನಸುಕಿನಲ್ಲಿ ಅಕ್ಕ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಹೊರಗೆ ಕಟ್ಟೆಯ ಮೇಲೆ ಹುಡುಗಿ ಜೋಳದ ಹಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಮಗ್ಗದ ಕೆಲಸಗಾರರಿಗೆ, ಹಾಲಿನವನಿಗೆ, ಎಲ್ಲರಿಗೂ ಬೊಗಸೆ ಬೊಗಸೆ ಹಿಟ್ಟು ಕೊಡುತ್ತಿದ್ದಳು. ತುಟಿ ಒಣಗಿತ್ತು, ಕಣ್ಣು ದೀಪದ ಹಾಗೆ ಉರಿಯುತ್ತಿತ್ತು.

"ತಗೋರಿ ಕಾಕಾ, ಇನ್ನಷ್ಟು ತಗೋರಿ, ನಮ್ಮ ಮನ್ಯಾಗ ಇದು ತೀರಂಗಿಲ್ಲ, ನಾ ಹೇಳೇನಿ ಅದಕ್ಕ ತೀರಬ್ಯಾಡ ಅಂತ, ನಾ ಹೇಳಿದ್ರ ಕೇಳತೈತಿ, ಸೂರ್ಯಾಗೂ ಹೇಳೇನಿ, ಬರಾಕತ್ತಾನ ನೋಡ್ರಿ!"

ಹಾಲಿನವನು ಟವೆಲ್ಲಿನಲ್ಲಿ ಹಿಟ್ಟು ಹಿಡಿದುಕೊಂಡು ಏನು ಮಾಡಬೇಕೋ ತಿಳಿಯದೆ ನಿಂತಿದ್ದ. ಅವಳ ಚಪ್ಪಲಿ, ಪಾಟಿ ಆಗಲೇ ಯಾರದೋ ಪಾಲಾಗಿದ್ದವು. ಅಷ್ಟರಲ್ಲಿ ಎದುರುಮನೆಯ ಆಯಿ ಬಂದಳು. ಅವಳ ತವರು ಖಾನಾಪುರ. ಹುಡುಗಿಯನ್ನು ನೋಡಿದವಳೇ, "ಯವ್ವಾ, ಖಾನಾಪುರದ ಶರಣರ ಕಳಾ ಬಂದೈತಿ ಕೂಸಿಗಿ!" ಎಂದು ಬಗ್ಗಿ ಕಾಲಿಗೆ ಬಿದ್ದಳು. ಹುಡುಗಿ ಗಂಭೀರವಾಗಿ ಹಿಟ್ಟಿನ ಕೈಯನ್ನು ಅವಳ ತಲೆಯ ಮೇಲಿಟ್ಟಳು.

"ಆಯಿ, ನನ್ನ ಕಾಲಿಗೂ ಬಿದ್ದು ಬಿಡ್ರಿ. ನಾ ಶರಣವ್ವನ ಮಾಮಾ" ಎಂದೆ.

"ಏ ಮೂಳಾ, ಬಾಯಿ ಮುಚ್ಚು" ಎಂದಳು ಅಕ್ಕ. ನಕ್ಕ ಹಾಗೂ ಇರಲಿಲ್ಲ, ಬೈದ ಹಾಗೂ ಇರಲಿಲ್ಲ. ಅವಳಲ್ಲಿ ಎರಡಕ್ಕೂ ಶಕ್ತಿ ಉಳಿದಿರಲಿಲ್ಲ. "ಮೊನ್ನಿಯಿಂದ ಆಕಿ ಕಣ್ಣು ಮುಚ್ಚಿಲ್ಲೋ. ದೊಡ್ಡಪ್ಪ ಹಿಂಗ ಮಾಡತಿದ್ದ. ನಿನಗ ನೆಪ್ಪಿಲ್ಲೇನು? ಹಿಂಗ."

ನೆನಪಿಲ್ಲದೆ ಏನು. ಅಪ್ಪ ಸತ್ತ ಮೇಲೆ ನಮ್ಮಿಬ್ಬರನ್ನೂ ಸಾಕಿದವನು ಖಾನಾಪುರದ ದೊಡ್ಡಪ್ಪ. ಪೇಟೆಯಲ್ಲಿ ಅವನದೊಂದು ಕಿರಾಣಿ ಅಂಗಡಿ. ವರ್ಷದಲ್ಲಿ ಯಾವಾಗಲೋ ಒಮ್ಮೆ ಅವನಿಗೆ ಹುಮ್ಮಸ್ಸು ಏರುತ್ತಿತ್ತು. ಕತ್ತಲಿರುವಾಗಲೇ ಮಲಪ್ರಭೆಗೆ ಹೋಗಿ ಮುಳುಗಿ ಬರುವನು, ಒದ್ದೆ ಧೋತರದಲ್ಲೇ ಅಂಗಡಿ ತೆರೆದು ಬೆಲ್ಲ, ಅಕ್ಕಿ, ಬೇಳೆಯನ್ನು ತಕ್ಕಡಿ ಮುಟ್ಟದೆ ಹಂಚುವನು. ಹಾಡುವನು, ಉಪದೇಶ ಮಾಡುವನು, ಮಲಗುತ್ತಿರಲಿಲ್ಲ. ಅದು ದಾಸೋಹ ಎಂದರು ಜನ. ನಮ್ಮವರು ಶರಣರು ಎಂದು ಕರೆದರೆ, ಮರಾಠಿ ಮಂದಿ ಮಹಾರಾಜ ಎಂದು ಕೈಮುಗಿದರು. ಆಮೇಲೆ ಒಂದು ದಿನ ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದನೆಂದರೆ ವಾರಗಟ್ಟಲೆ ಮಾತಿಲ್ಲ. ಅದಕ್ಕೆ ನಾವು ಮೌನವ್ರತ ಎಂದೆವು. ಹೊಸ್ತಿಲಲ್ಲಿ ತೆಂಗಿನಕಾಯಿ ರಾಶಿ ಬೀಳುತ್ತಿತ್ತು. ದೊಡ್ಡವ್ವ ಅವುಗಳಿಂದ ವರ್ಷವಿಡೀ ಚಟ್ನಿ ಮಾಡುತ್ತಿದ್ದಳು.

ಅಂದರೆ ನಾನು ಡಾಕ್ಟರಿಗೆ ಸುಳ್ಳು ಹೇಳಿರಲಿಲ್ಲ. ಅವರು ಕೇಳಿದ್ದು ತ್ರಾಸು. ನಮ್ಮಲ್ಲಿ ಇದ್ದದ್ದು ದಾಸೋಹ ಮತ್ತು ಮೌನ. ಹೆಸರು ಇಷ್ಟು ಚಂದ ಇರುವಾಗ ಒಳಗೇನಿದೆ ಎಂದು ಯಾರು ಬಿಚ್ಚಿ ನೋಡುತ್ತಾರೆ?

ಅವತ್ತೇ ಹುಡುಗಿಯನ್ನು ಡಾಕ್ಟರ ಹತ್ತಿರ ಒಯ್ದೆವು. ಈ ಸಲ ಮಾತಾಡಿದವಳು ಅಕ್ಕ. ಮಗಳು ಮೇಜಿನ ಕೆಳಗಿನಿಂದ ಸೂರ್ಯನ ವಿಚಾರ ಒದರುತ್ತಿದ್ದಳು, ಅಕ್ಕ ಮೇಲಿನಿಂದ ದೊಡ್ಡಪ್ಪನ ವಿಚಾರ ಒಂದೊಂದಾಗಿ ಹೇಳಿದಳು. ಡಾಕ್ಟರಬಾಯಿ ಬರೆಯುವುದನ್ನು ನಿಲ್ಲಿಸಿ ಕೇಳಿದರು.

"ಇದನ್ನ ಮದಲ ಯಾಕ ಹೇಳಲಿಲ್ರಿ?" ಎಂದು ನನ್ನತ್ತ ನೋಡಿದರು.

"ನೀವು ಜಡ್ಡಿನವರನ್ನ ಕೇಳಿದ್ರಿ ಬಾಯಾರ" ಎಂದೆ. "ಅವರು ಶರಣರ್ರೀ."

ಇದು ಜೋಕಾಗಿರಲಿಲ್ಲ. ಆದರೂ ಅವರ ಮುಖದಲ್ಲಿ ಏನೋ ಒಂದು ಸಣ್ಣಗೆ ಹಾದುಹೋಯಿತು. "ನಾನೂ ಬ್ಯಾರೆ ರೀತಿ ಕೇಳಬೇಕಿತ್ತು" ಎಂದರು. "ಗುಳಗಿ ಇವತ್ತಿನಿಂದ ಬಂದ್ ಮಾಡ್ರಿ. ಕೆಲವು ಮನೆತನದಾಗ ಮನಸ್ಸು ಭಾಳ ಏರೂದು, ಭಾಳ ಇಳಿಯೂದು ಇರತೈತಿ. ಬೈಪೋಲಾರ್ ಅಂತಾರ. ಅಂಥಾ ಮನಿ ಹುಡುಗ್ರಿಗೆ ಈ ಗುಳಗಿ ಭಾಳ ನೋಡಕೊಂಡು ಕೊಡಬೇಕಾಗತೈತಿ. ಒಮ್ಮೊಮ್ಮೆ ಹಿಂಗ ಏರಸತೈತಿ."

"ಅಂದ್ರ ಆಕಿಗೂ ಅದ ಐತೇನ್ರಿ?" ಅಕ್ಕನ ದನಿ ಕೇಳಿಸಿದ್ದೇ ಕಷ್ಟ.

"ಗೊತ್ತಿಲ್ಲವ್ವಾ. ಖರೇ ಹೇಳತೀನಿ, ಗೊತ್ತಿಲ್ಲ. ಇಷ್ಟು ಸಣ್ಣ ಕೂಸಿಗೆ ಆ ಹೆಸರು ಹಚ್ಚಾಕ ನಾ ತಯಾರಿಲ್ಲ. ಬರೇ ಗುಳಗಿದೂ ಇರಬಹುದು. ಬಿಟ್ಟು ನೋಡೂಣು. ಅಷ್ಟರಾಗ ನಿಮ್ಮ ದೊಡ್ಡಪ್ಪನ ಕೇಳಕೊಂಡು ಬರ್ರಿ. ಯಾವ ವಯಸ್ಸಿನಾಗ ಸುರು ಆತು, ನಿದ್ದಿ ಹೆಂಗಿತ್ತು, ಒಳಗ ಏನನಸತಿತ್ತು. ಮಂದಿ ಏನಂದ್ರು ಅಂತಲ್ಲ. ಅವರಿಗೆ ಏನನಸತಿತ್ತು ಅಂತ."

ಗುಳಿಗೆ ನಿಂತ ಮೇಲೆ ನಿಧಾನಕ್ಕೆ ನಿದ್ದೆ ಮರಳಿತು. ಮಗ್ಗದ ಬಾಜೂಕಿನ ಬಟ್ಟೆಯ ಗಂಟಿನ ಮೇಲೆ ಹುಡುಗಿ ಬಿದ್ದುಕೊಂಡಳು, ಎಚ್ಚರಾದೀತೆಂದು ಯಾರೂ ಎತ್ತಲಿಲ್ಲ. ಆಮೇಲೆ ಮತ್ತೆ ಕಿಟಕಿ ಹತ್ತಿದಳು, ಮತ್ತೆ ಅಕ್ಕೋರ ದೂರು ಬಂತು. ಅಕ್ಕನಿಗೆ ಏನು ಬಯಸಬೇಕೆಂದೇ ತಿಳಿಯದಾಯಿತು. ಮಗಳು ಓಡಿದರೆ ಹಳೆಯ ಕಷ್ಟ, ಸುಮ್ಮನೆ ಕೂತರೆ ಹೊಸ ಹೆದರಿಕೆ. ನಕ್ಕರೂ ಮುಖ ನೋಡುವಳು, ನಗದಿದ್ದರೂ ಮುಖ ನೋಡುವಳು. ನಾನು ನನ್ನ ಹಳೆಯ ಜೋಕುಗಳನ್ನೆಲ್ಲ ಹೊರತೆಗೆದೆ. ನಗಿಸುವುದೂ ಒಂದು ಪಾಳಿಯ ಕೆಲಸವೇ. ಮುಗಿದ ಮೇಲೆ ಸೊಂಟ ನೋಯುತ್ತದೆ.

ರವಿವಾರ ಪ್ಯಾಸೆಂಜರ್ ಹಿಡಿದು ಖಾನಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಕೇಳುವ ರೀತಿಯನ್ನು ಬಾಯಿಪಾಠ ಮಾಡಿದೆ. ಊರೇ ಕಾಲಿಗೆ ಬೀಳುವ ಮನುಷ್ಯನನ್ನು "ನಿನಗ ಹುಚ್ಚೇನು?" ಎಂದು ಕೇಳುವುದು ಹೇಗೆ? ಸ್ಟೇಷನ್ನಿನಲ್ಲಿ ಇಳಿಯುವಾಗ ಬಾಯಿಪಾಠವೆಲ್ಲ ಡಬ್ಬಿಯಲ್ಲೇ ಉಳಿಯಿತು.

ದೊಡ್ಡಪ್ಪ ಅಂಗಡಿಯಲ್ಲಿ ಮೊರದ ಮುಂದೆ ಕೂತು ಬೇಳೆಯಲ್ಲಿ ಹರಳು ಆರಿಸುತ್ತಿದ್ದ. ಅವನ ನಡುವಿನ ದಿನಗಳು ಅವು, ಏರಿಕೆಯೂ ಅಲ್ಲ, ಇಳಿತವೂ ಅಲ್ಲ.

"ಬಾರಪಾ ಇಂಜಿನಿಯರ. ಪಾಸಾದೇನು?"

"ಪರೀಕ್ಷಾಕ್ಕ ನನ್ನ ಮ್ಯಾಲೆ ಭಾಳ ಪ್ರೀತಿ ದೊಡ್ಡಪ್ಪಾ, ಬಿಡವಲ್ಲದು" ಎಂದೆ. ಆಮೇಲೆ ಜೋಕು ಮುಗಿಯಿತು. ಗುಳಿಗೆ, ಹಿಟ್ಟಿನ ಡಬ್ಬಿ, ಆಯಿ ಕಾಲಿಗೆ ಬಿದ್ದದ್ದು, ಡಾಕ್ಟರು ಕೇಳಿದ್ದು, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದೆ.

ನಡುವೆ ಒಬ್ಬ ಹೆಂಗಸು ಬಂದು ಮಗುವಿನ ಹಣೆಯನ್ನು ಅವನ ಪಾದಕ್ಕೆ ಮುಟ್ಟಿಸಿ ಹೋದಳು. ಅವನು ಕಾಲನ್ನು ಧೋತರದೊಳಗೆ ಎಳೆದುಕೊಂಡ.

"ಮೌನ ಅಂತ ಯಾರಂದ್ರೋ?" ಎಂದ ಕಡೆಗೆ. ಕೈ ಬೇಳೆಯಲ್ಲೇ ಇತ್ತು. "ಬಾಯಿ ತಗೀಬೇಕಂದ್ರ ಬೀಸೂಕಲ್ಲು ಎತ್ತಿದಂಗ ಆಗತಿತ್ತು ನನಗ. ಒಂದಿನ ನಿಮ್ಮ ದೊಡ್ಡವ್ವ ಒಳಗ ಬಂದ್ಳು. ಏನಾಗೇತಿ ಅಂತ ಕೇಳಾಕ ಬಾಯಿ ತಗದಿದ್ಳು, ನಾ ಕಂಡೆ. ಅಷ್ಟರಾಗ ಯಾರೋ ಕಾಯಿ ಹಿಡಕೊಂಡು ಬಂದು ನನ್ನ ಕಾಲಿಗಿ ಬಿದ್ರು. ಅವರನ್ನ ನೋಡಿ ಆಕಿನೂ ಬಿದ್ಳು."

ನಾನೂ ಮೊರಕ್ಕೆ ಕೈ ಹಾಕಿ ಹರಳು ಆರಿಸತೊಡಗಿದೆ.

ಅವನು ಮೊರ ಬದಿಗಿಟ್ಟು ಧೋತರ ಝಾಡಿಸಿಕೊಂಡು ಎದ್ದ. ಗೂಟಕ್ಕೆ ಹಾಕಿದ್ದ ಟೊಪ್ಪಿಗೆ ತೆಗೆದುಕೊಂಡ.

"ಕೂಸಿನ ಕಾಲಿಗಿ ಇನ್ನ ಯಾರಿಗೂ ಬೀಳಗೊಡಬ್ಯಾಡ. ಬೆಳಗಾವಿ ಬಸ್ ಎಷ್ಟೊತ್ತಿಗಿ ಐತಿ ನೋಡು. ಡಾಕ್ಟರಬಾಯಿ ಕೇಳಿದ್ರ ಈ ಸಲಾ ನೀ ಶರಣರು ಅನ್ನಬ್ಯಾಡ. ನಮ್ಮ ಮನ್ಯಾಗ ಜಡ್ಡ ಐತ್ರಿ, ಇಲ್ಲೇ ಬಾಜೂಕ ಕುಂತೈತಿ ಅಂತ ನನ್ನ ತೋರಸು. ಉಳಿದದ್ದು ನಾ ಹೇಳತೀನಿ."