ದುರ್ಬೀನು ಯಂಕೋಬ

ಯಂಕೋಬನ ಹತ್ತಿರ ಮನೆ ಕಟ್ಟುವ ವಿದ್ಯೆ ಇರಲಿಲ್ಲ, ದುರ್ಬೀನು ಇತ್ತು. ಎಪ್ಪತ್ತರ ದಶಕದಲ್ಲಿ ಗಂಗಾವತಿ ಸುತ್ತಿನ ಹಳ್ಳಿಗಳಲ್ಲಿ ಅಷ್ಟಿದ್ದರೆ ಸಾಕಾಗಿತ್ತು. ಕಾಲುವೆ ನೀರು ಬಂದು ವರ್ಷಕ್ಕೆ ಎರಡು ಬೆಳೆ ಭತ್ತ ಕಂಡ ಮಂದಿಗೆ ಮಣ್ಣಿನ ಮಾಳಿಗೆ ಬೇಸರವಾಗಿ ಸಿಮೆಂಟಿನ ಮನೆಯ ಹುಚ್ಚು ಹಿಡಿದಿತ್ತು. ಗೌಂಡಿಗಳು ಬೇಕಾದಷ್ಟಿದ್ದರು. ಆದರೆ ಮೂರು ಕಾಲಿನ ಮೇಲೆ ಹಿತ್ತಾಳೆಯ ಕೊಳವೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಅದರೊಳಗೆ ಇಣುಕಿ, "ಇನ್ನ ಸ್ವಲ್ಪ ಅತ್ತಾಗ ಸರಿ" ಎಂದು ಕೈ ಬೀಸುವ ಗುತ್ತೇದಾರ ಅವನೊಬ್ಬನೇ.

ಅವನು ನವಲಿಯವನು. ಸಾಲಿಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಹರೆಯದಲ್ಲಿ ಆರು ವರ್ಷ ಕಾಲುವೆಯ ಸರ್ವೆ ತಂಡದಲ್ಲಿ ಕೂಲಿ ಮಾಡಿದ್ದ. ಕೂಲಿ ಎಂದರೆ ಅಡಿಗಳ ಅಂಕಿ ಬರೆದ ಉದ್ದನೆಯ ಕಟ್ಟಿಗೆ ಪಟ್ಟಿಯನ್ನು ಹೇಳಿದ ಜಾಗದಲ್ಲಿ ನೆಟ್ಟಗೆ ಹಿಡಿದು ಬಿಸಿಲಲ್ಲಿ ನಿಲ್ಲುವುದು. ದೂರದಿಂದ ಎಂಜಿನಿಯರ್ ಸಾಹೇಬರು ದುರ್ಬೀನಿನಲ್ಲಿ ಆ ಪಟ್ಟಿಯನ್ನು ನೋಡಿ ಅಂಕಿ ಕೂಗುತ್ತಿದ್ದರು, ಗುಮಾಸ್ತ ಬರೆದುಕೊಳ್ಳುತ್ತಿದ್ದ. ಆ ಅಂಕಿಯಿಂದ ಏನು ಮಾಡುತ್ತಾರೆಂದು ಯಂಕೋಬನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನು ಕಲಿತದ್ದು ಸಾಹೇಬರು ಸೊಂಟ ಬಗ್ಗಿಸುವ ರೀತಿ, ಹುಬ್ಬು ಗಂಟಿಕ್ಕುವ ರೀತಿ ಮತ್ತು ನೋಡಿ ಆದಮೇಲೆ ಯಾರ ಮುಖವನ್ನೂ ನೋಡದೆ ಸಿಗರೇಟು ಹಚ್ಚುವ ರೀತಿ. ಇದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ.

ಎಪ್ಪತ್ತೆರಡರಲ್ಲಿ ಗಂಗಾವತಿಯ ಗುಜರಿ ಅಂಗಡಿಯಲ್ಲಿ ಅಂಥದ್ದೇ ಒಂದು ಹಳೇ ದುರ್ಬೀನು, ಪಟ್ಟಿಯ ಸಮೇತ, ತೂಕಕ್ಕೆ ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿಸಿದ. ಅದು ಬಂಗಾರದ ಹಾಗೆ ಹೊಳೆಯಿತು, ಯಂಕೋಬ ಗುತ್ತೇದಾರನಾದ.

ಮನೆಯ ಜಾಗಕ್ಕೆ ಗುದ್ದಲಿ ಪೂಜೆ ಮಾಡುವವರು ಮೊದಲು ದುರ್ಬೀನಿಗೇ ಕುಂಕುಮ, ವಿಭೂತಿ ಹಚ್ಚಿ ಕಾಯಿ ಒಡೆಯುವುದು ರೂಢಿಯಾಯಿತು. ಪೂಜೆ ಮುಗಿದ ಮೇಲೆ ಮನೆಯೊಡತಿಗೆ ಒಮ್ಮೆ ಅದರಲ್ಲಿ ನೋಡುವ ಭಾಗ್ಯ. ಆ ಹಳೇ ಕಾಲದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. "ಅಯ್ಯ, ನಮ್ಮ ಮನಿಯವ್ರು ಬಾವಲಿ ಹಂಗ ಜೋತು ಬಿದ್ದಾರ!" ಎಂದು ಹೆಂಗಸರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. "ಹಂಗ ಕಂಡ್ರನ ಮಟ್ಟ ಬರೂದವ್ವಾ, ಇದು ಜರ್ಮನಿ ಮಾಲು" ಎನ್ನುತ್ತಿದ್ದ ಯಂಕೋಬ. ಜರ್ಮನಿ ಎತ್ತ ಇದೆಯೋ ಅವನಿಗೂ ಗೊತ್ತಿರಲಿಲ್ಲ. ಹೆಸರು ಕುಷ್ಟಗಿ, ಯಲಬುರ್ಗಿಗೂ ಮುಟ್ಟಿತು. ಕುಷ್ಟಗಿಯವರೊಬ್ಬರು ಕರೆಸಿಕೊಂಡು, ಹೊಲದಲ್ಲಿ ಬಾವಿಗೆ ನೀರು ಎಲ್ಲಿದೆ ಅದನ್ನೂ ನೋಡಿಬಿಡಪ್ಪಾ ಎಂದರು. ಇಲ್ಲ ಅನ್ನುವ ಅಭ್ಯಾಸ ಅವನಿಗಿರಲಿಲ್ಲ, ನೋಡಿದ.

ಹಾಗಾದರೆ ಮನೆಗಳು ನಿಂತದ್ದು ಹೇಗೆ? ಮರಳಿ ಎಂಬ ಹಳ್ಳಿಯ ಗೌಂಡಿ ಇಬ್ರಾಹಿಂಸಾಬನಿಂದ. ಯಂಕೋಬ ಆಟ ಮುಗಿಸಿ ಚಹಾಕ್ಕೆ ಹೋದ ಮೇಲೆ ಈ ಮನುಷ್ಯ ನೀರು ತುಂಬಿದ ಪ್ಲಾಸ್ಟಿಕ್ ಪೈಪು ಬಿಚ್ಚಿ, ಒಂದು ತುದಿ ಇಲ್ಲಿ, ಒಂದು ತುದಿ ಅಲ್ಲಿ ಹಿಡಿಸಿ, ಎರಡೂ ಕಡೆ ನೀರು ನಿಂತಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ. ಮಟ್ಟ ಎಂದರೆ ಅಷ್ಟೇ. ದುರ್ಬೀನಿಗೆ ಮಂದಿ ಬರುತ್ತಾರೆ, ತನಗೆ ಕೆಲಸ ಸಿಗುತ್ತದೆ ಎಂದು ಅವನು ಸುಮ್ಮನಿದ್ದ. ಏಳು ವರ್ಷದಲ್ಲಿ ಹತ್ತೊಂಬತ್ತು ಮನೆ ಎದ್ದವು, ಒಂದೂ ವಾಲಲಿಲ್ಲ. ಅಷ್ಟು ವರ್ಷ ಮಂದಿಗೆ ಹೇಳಿ ಹೇಳಿ, ಆ ಮನೆಗಳನ್ನೆಲ್ಲ ದುರ್ಬೀನೇ ನಿಲ್ಲಿಸಿತೆಂದು ಯಂಕೋಬನೇ ನಂಬಿಬಿಟ್ಟ. ಸುಳ್ಳುಗಾರನಾಗಿದ್ದಷ್ಟು ದಿನ ಅವನಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಮರಳಿಯ ಹಂಪವ್ವ ಅವನಿಗೆ ಮನೆ ಕಟ್ಟಲು ಕೊಟ್ಟಳು. ಗಂಡ ಸತ್ತ ಮೇಲೆ ತಾನೇ ನಿಂತು ಗದ್ದೆ ಮಾಡಿಸಿದ ಹೆಂಗಸು. ಹಿಂದಿನ ಮಳೆಗಾಲದಲ್ಲಿ ಮಗಳು ಯಮನೂರಮ್ಮನ ಚೊಚ್ಚಲ ಬಾಣಂತನ ಹಳೇ ಮನೆಯಲ್ಲಾಗಿತ್ತು. ಮಣ್ಣಿನ ನೆಲ ಒಸರಿ, ಬಾಣಂತಿ ಖೋಲಿ ತಂಪೇರಿ, ಹನ್ನೆರಡು ದಿನದ ಗಂಡುಕೂಸು ಎದೆ ಕಟ್ಟಿ ತೀರಿಕೊಂಡಿತ್ತು. ಈಗ ಮಗಳು ಮತ್ತೆ ಬಸುರಿ. ಶ್ರಾವಣಕ್ಕೆ ದಿನ ತುಂಬುತ್ತಿದ್ದವು.

"ನಂಗ ಕಮಾನು ಬ್ಯಾಡ, ಬಣ್ಣ ಬ್ಯಾಡ. ಬಾಣಂತಿ ಮಲಗೂ ಖೋಲಿ ಒಣಗಿರಬೇಕು. ಅಷ್ಟು ಮಾಡಿಕೊಡಪ್ಪಾ," ಎಂದಳು ಹಂಪವ್ವ.

"ಒಂದು ಹನಿ ನೀರು ಒಳಗ ಬಂತಂದ್ರ ನನ್ನ ಹೆಸರು ಯಂಕೋಬ ಅಲ್ಲ ಅಂತ ತಿಳಕೊಳ್ಳವ್ವಾ," ಎಂದ ಯಂಕೋಬ.

ಪಾಯಾ ಕಟ್ಟಿ ಮೇಲೆ ಬಂದ ದಿನ ಇಬ್ರಾಹಿಂಸಾಬ ಎಂದಿನಂತೆ ಪೈಪು ಹಿಡಿದು ನೋಡಿದ. ಎರಡನೇ ಸಲ ನೋಡಿದ. ಮನೆಯ ಮುಂದಿನ ಓಣಿಗೆ ಅದೇ ಬೇಸಿಗೆಯಲ್ಲಿ ಹೊಸದಾಗಿ ಮಣ್ಣು ಹಾಕಿದ್ದರು, ಏರು ನಿಧಾನದ್ದಾಗಿ ಬರಿಗಣ್ಣಿಗೆ ತಿಳಿಯುತ್ತಿರಲಿಲ್ಲ, ಅದರ ಮೇಲೆ ಮಳೆ ನೀರು ಯಾವ ಕಡೆ ಹರಿಯುತ್ತದೆಂದು ಯಾರೂ ಇನ್ನೂ ಕಂಡಿರಲಿಲ್ಲ. ಅವನು ಎಲ್ಲರೂ ನಿಂತಿದ್ದಾಗಲೇ ಹೇಳಿಬಿಟ್ಟ: "ಗುತ್ತೇದಾರ್ರ, ಓಣಿ ಎತ್ತರ ಐತ್ರಿ, ನಮ್ಮ ಪಾಯಾ ತಗ್ಗೈತಿ. ಇನ್ನ ಎರಡು ಸಾಲು ಕಲ್ಲು ಏರಿಸಬೇಕು."

ಅಲ್ಲಿ ಹಂಪವ್ವ ಇದ್ದಳು, ದುರ್ಬೀನು ನೋಡಲು ಬಂದ ಐದಾರು ಮಂದಿಯೂ ಇದ್ದರು. ಅವರಲ್ಲೊಬ್ಬ ನಕ್ಕ. "ಏನಪ್ಪಾ ಯಂಕೋಬ, ದುರ್ಬೀನಿಗೆ ಕಾಣಲಾರದ್ದು ಪೈಪಿಗೆ ಕಾಣತೈತೇನು?"

ಯಂಕೋಬನ ಮುಖ ಕೆಂಪಾಯಿತು. ಹೂಂ, ಎರಡು ಸಾಲು ಏರಿಸು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನು ದುರ್ಬೀನು ತರಿಸಿದ, ಕೂಲಿಯವನ ಕೈಗೆ ಪಟ್ಟಿ ಕೊಟ್ಟು ಮೊದಲು ಓಣಿಯಲ್ಲಿ, ಆಮೇಲೆ ಪಾಯಾದ ಮೇಲೆ ನಿಲ್ಲಿಸಿದ. ಏಳು ವರ್ಷದಲ್ಲಿ ಮೊದಲ ಸಲ ನಿಜವಾಗಿ ಅಂಕಿ ಓದಿದ. ತಲೆಕೆಳಗಾದ ಅಂಕಿಗಳನ್ನು ಕುತ್ತಿಗೆ ಹೊರಳಿಸಿ ಓದಬೇಕಾಯಿತು. ಓಣಿಯಲ್ಲಿ ಮೂರೂ ಮುಕ್ಕಾಲು. ಪಾಯಾದ ಮೇಲೆ ನಾಲ್ಕೂವರೆ.

"ಕೇಳ್ರಿ ಎಲ್ಲಾರೂ!" ಎಂದು ಎದ್ದು ನಿಂತ. "ಓಣಿ ಮೂರೂ ಮುಕ್ಕಾಲು, ಮನಿ ನಾಲ್ಕೂವರಿ. ಮನಿ ಮುಕ್ಕಾಲಡಿ ಎತ್ತರ ಐತಿ."

ಅಂಕಿಯನ್ನು ಅವನು ಸರಿಯಾಗಿಯೇ ಓದಿದ್ದ. ಆದರೆ ಕೊಳವೆ ಇದ್ದಲ್ಲೇ ಇರುತ್ತದೆ, ಪಟ್ಟಿಯ ಬುಡ ಇಳಿದಷ್ಟೂ ಅದರ ಮೇಲಿನ ತುದಿಯ ದೊಡ್ಡ ಅಂಕಿಗಳು ಗಾಜಿನೆದುರು ಬರುತ್ತವೆ. ಅಂಕಿ ದೊಡ್ಡದಾದರೆ ನೆಲ ತಗ್ಗು. ಆರು ವರ್ಷ ಆ ಪಟ್ಟಿ ಹೊತ್ತು ತಗ್ಗು ದಿನ್ನೆ ತಿರುಗಿದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ.

"ಒಮ್ಮೆ ಪೈಪಿನಾಗ ನೋಡ್ರಿ," ಎಂದ ಇಬ್ರಾಹಿಂಸಾಬ.

"ಡ್ಯಾಮಿನ ಮಟ್ಟ ನೋಡಿದ ಮಷಿನ್ ಐತಿ ಇದು. ಪೈಪು ಹಿಡಕೊಂಡು ನಂಗ ಶ್ಯಾಣ್ಯಾತನ ಹೇಳಬ್ಯಾಡ. ಮಾಡೂ ಮನಸ್ಸಿದ್ರ ಮಾಡು, ಇಲ್ಲಂದ್ರ ಬ್ಯಾರೆ ಗೌಂಡಿ ತರತೀನಿ."

ಹಂಪವ್ವ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಕಲ್ಲಿನ ಮಾತು ತಿಳಿಯದು. ಪೂಜೆಯ ದಿನ ದುರ್ಬೀನಿಗೆ ಕುಂಕುಮ ಹಚ್ಚಿದ್ದು ಅವಳ ಕೈಯೇ. "ಯಂಕೋಬ ಹೇಳಿದಂಗ ಆಗಲಿ," ಎಂದಳು. ಇಬ್ರಾಹಿಂಸಾಬ ಪೈಪಿನ ನೀರು ಚೆಲ್ಲಿ, ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ.

ಆಷಾಢದ ಕೊನೆಗೆ ಮನೆ ಮುಗಿಯಿತು. ಶ್ರಾವಣದಲ್ಲಿ ಯಮನೂರಮ್ಮನಿಗೆ ಹೆಣ್ಣುಕೂಸು ಹುಟ್ಟಿತು. ಪರಸಿ ಕಲ್ಲು ಹಾಸಿದ ಖೋಲಿಯಲ್ಲಿ ಬೆಂಕಿ ಕಾಸುತ್ತ, ಹಂಪವ್ವ ದಿನಕ್ಕೆ ಹತ್ತು ಸಲ ನೆಲ ಮುಟ್ಟಿ ನೋಡುತ್ತಿದ್ದಳು. ಒಣಗಿರುತ್ತಿತ್ತು. ಒಂಬತ್ತನೇ ದಿನ ಮಧ್ಯಾಹ್ನ ದೊಡ್ಡ ಮಳೆ ಹಿಡಿಯಿತು. ಓಣಿಯ ನೀರೆಲ್ಲ ಹೊಸ್ತಿಲು ದಾಟಿ ನೇರ ಒಳಗೆ ಬಂತು. ಒಲೆ ಆರಿತು, ಹಾಸಿಗೆ ನೆನೆಯಿತು, ಖೋಲಿಯಲ್ಲಿ ಮೊಣಕಾಲ ಕೆಳಗಿನವರೆಗೆ ಕೆಂಪು ನೀರು ನಿಂತಿತು. ಹಂಪವ್ವ ಕೂಸನ್ನು ಎದೆಗವಚಿಕೊಂಡು ಮಂಚದ ಮೇಲೆ ನಿಂತು ಕೂಗುತ್ತಿದ್ದಳು. ಮೊದಲು ಬಂದವನು ಇಬ್ರಾಹಿಂಸಾಬ. ಮಳೆ ಶುರುವಾದಾಗಲೇ ತಲೆಗೆ ಗೋಣಿಚೀಲ ಹಾಕಿಕೊಂಡು ಮನೆಯಿಂದ ಹೊರಟಿದ್ದ. ಅವನ ಹಿಂದೆಯೇ ಹೆಂಡತಿ ಹಜರತಬೀ, ಕೈಯಲ್ಲಿ ಕಂಬಳಿ. ಹೆರಿಗೆಯಾದ ಒಂಬತ್ತನೇ ದಿನಕ್ಕೆ ಬಾಣಂತಿ ಹೊಸ್ತಿಲು ದಾಟಿದ್ದು ಆ ಮನೆತನದಲ್ಲಿ ಅದೇ ಮೊದಲು. ಯಾರೂ ಅದರ ಮಾತೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸದ ಮೇಲೆ ಗಂಗಾವತಿಯಲ್ಲಿದ್ದಾಗ ಸುದ್ದಿ ಮುಟ್ಟಿ ಯಂಕೋಬ ಮರಳಿಗೆ ಓಡಿದ. ಹಂಪವ್ವನ ಮನೆಯಲ್ಲಿ ಪಕ್ಕದ ಹೆಂಗಸರಿಬ್ಬರು ಕೊಡಪಾನದಿಂದ ನೀರು ಗೋರುತ್ತಿದ್ದರು. ಅವರು ಇಬ್ರಾಹಿಂಸಾಬನ ಮನೆಯ ಕಡೆ ಕೈ ತೋರಿಸಿದರು. ಅದು ತಟ್ಟಿಯ ಮನೆ, ಮೇಲೆ ನಾಡಹಂಚು. ನೆಲ ಒಣಗಿತ್ತು. ಒಳಗಿನ ಬಾಗಿಲಿಗೆ ಸೀರೆ ಇಳಿಬಿಟ್ಟಿದ್ದರು, ಲೋಬಾನದ ಹೊಗೆ ಬರುತ್ತಿತ್ತು. ಹಂಪವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು.

"ಅವ್ವಾ, ಇಂಥಾ ಮಳಿ ಇಪ್ಪತ್ತು ವರ್ಷದಾಗ ಆಗಿಲ್ಲ," ಎಂದು ಯಂಕೋಬ ಶುರುಮಾಡಿದ.

ಹಂಪವ್ವ ಸೆರಗಿಗೆ ಮೆತ್ತಿದ್ದ ಕೆಂಪು ಮಣ್ಣು ಕೆರೆಯುತ್ತಿದ್ದಳು.

"ನೆಲ ಕಿತ್ತು ಮತ್ತ ಏರಿಸಿಕೊಡತೀನಿ. ನೀ ಒಂದು ರೂಪಾಯಿ ಕೊಡಬ್ಯಾಡ."

"ಏರಸ್ತಿ, ಏರಸು," ಎಂದಳು. "ನಾ ಒಂದು ಕೇಳತೀನಿ. ಆವತ್ತು ಅದರಾಗ ನೋಡಿದೆಲ್ಲ, ನಿನಗ ಅದು ಖರೇನ ತಿಳಿತಿತ್ತೇನು?"

ಯಂಕೋಬ ಇಬ್ರಾಹಿಂಸಾಬನತ್ತ ನೋಡಿದ. ಅವನು ತಲೆ ತಗ್ಗಿಸಿ ಬೀಡಿ ಕಟ್ಟು ಬಿಚ್ಚುತ್ತಿದ್ದ. ಹೇಳಬಹುದಾದ ಮಾತುಗಳು ಹತ್ತಾರಿದ್ದವು, ಏಳು ವರ್ಷದಿಂದ ನಾಲಿಗೆ ಮೇಲೆಯೇ ಇದ್ದವು.

"ಇಲ್ಲವ್ವಾ," ಎಂದ.

"ನಂಗ್ಯಾಕ ಹೇಳತಿ?" ಎಂದಳು ಹಂಪವ್ವ. "ಒಂದು ಕೂಸು ಮಣ್ಣಿಗೆ ಇಟ್ಟಾಕಿ ಒಳಗದಾಳ. ಆಕಿಗೆ ಹೇಳು."

ಯಂಕೋಬ ಹೋಗಿ ಆ ಸೀರೆಯ ಪರದೆಯ ಮುಂದೆ ನಿಂತ. ಊರ ಮಂದಿಯ ಮುಂದೆ ಕೈ ಬೀಸಿ ಕೂಗಿ ರೂಢಿಯಾದ ಗಂಟಲು, ಸಣ್ಣಗೆ ಮಾತಾಡುವುದು ಅದಕ್ಕೆ ಬರಲಿಲ್ಲ.

"ತಂಗೀ, ನನಗ ಮಟ್ಟ ನೋಡಾಕ ಬರೂದಿಲ್ಲ. ಎಂದೂ ಬರತಿದ್ದಿಲ್ಲ," ಎಂದು ಜೋರಾಗಿ ಹೇಳಿದ.

ಒಳಗೆ ಬಳೆ ಸದ್ದಾಯಿತು. ಯಮನೂರಮ್ಮನ ದನಿ ಬಂತು. "ಸಣ್ಣಗ ಮಾತಾಡ್ರಿ ಅಣ್ಣಾ. ರಾತ್ರಿಯೆಲ್ಲಾ ಕೆಮ್ಮಿ ಕೆಮ್ಮಿ ಕೂಸಿಗೆ ಈಗ ನಿದ್ದಿ ಹತ್ತೈತಿ."